ಡ್ರೈವರ್ ಅಂಜಿನೇಯಲುವಿನ ಎಡಗಣ್ಣು

ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಚಿಗಟೇರಿ ಹಾಯ್ದು ಹರಪನಹಳ್ಳಿ ಮುಟ್ಟುವ ಆ ಖಾಸಗಿ ಬಸ್ಸಿನ ಮೈಮೇಲೆ ಮಾಲೀಕ ವೀರಭದ್ರಯ್ಯನವರ ಮನೆದೇವರ ಹೆಸರು ದೊಡ್ಡದಾಗಿ ಬರೆದಿತ್ತು. ದಾರಿಯ ಊರುಗಳಲ್ಲಿ ಅದನ್ನು ಯಾರೂ ಓದುತ್ತಿರಲಿಲ್ಲ. ಅಂಜಿನೇಯಲು ಬಸ್ಸು ಹೋಯಿತೇ, ಬಂತೇ ಎಂದೇ ಕೇಳುತ್ತಿದ್ದರು. ಹದಿಮೂರು ವರ್ಷ ಅದೇ ದಾರಿಯಲ್ಲಿ ಸ್ಟೀರಿಂಗು ಹಿಡಿದ ಅಂಜಿನೇಯಲು ಒಂದು ಕೋಳಿಮರಿಯನ್ನೂ ಗಾಲಿಗೆ ಕೊಟ್ಟವನಲ್ಲ. ಬಸುರಿ ಹೆಂಗಸರು ಹತ್ತಿದ ದಿನ ರಸ್ತೆ ಉಬ್ಬು ಬಂದಲ್ಲಿ ಬಸ್ಸು ನಡೆದುಕೊಂಡು ಹೋದಂತೆ ಹೋಗುತ್ತಿತ್ತು. ಕೂಡ್ಲಿಗಿಯಲ್ಲಿ ಅವನಿಗೊಂದು ಎರಡು ಕೋಣೆಯ ಮನೆ, ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಹೆಂಡತಿ ಲಕ್ಷ್ಮಿದೇವಿ, ಏಳನೇ ಕ್ಲಾಸಿನಲ್ಲಿ ಓದುವ ಒಬ್ಬ ಮಗಳು. ಅವನ ವಯಸ್ಸು ಮೂವತ್ತೆಂಟು.

ಅವನ ಸೊಂಟ ಮಾತ್ರ ಬೆಳಗಿನ ಜಾವಕ್ಕೆ ಹಲಗೆಯಾಗಿರುತ್ತಿತ್ತು. ಮಗ್ಗುಲಿಗೆ ಹೊರಳಿ, ಕೈ ಊರಿ, ಗೋಡೆ ಹಿಡಿದು ಏಳಬೇಕು. ಅಂಗಳದಲ್ಲಿ ಮುಕ್ಕಾಲು ತಾಸು ಆ ಕಡೆ ಈ ಕಡೆ ಓಡಾಡಿದ ಮೇಲೆ ಮೈ ಸಡಿಲಾಗುವುದು. ಬಸ್‌ಸ್ಟ್ಯಾಂಡಿನಲ್ಲಿ ಉಳಿದ ಡ್ರೈವರುಗಳೂ ಸೊಂಟನೋವು ಎನ್ನುವವರೇ. ಆದರೆ ಅವರ ನೋವು ದುಡಿದು ಸಂಜೆಗೆ ಹುಟ್ಟಿ, ಮಲಗಿದರೆ ಹೋಗುವಂಥದ್ದು. ಇವನದು ಮಲಗಿದರೆ ಹುಟ್ಟಿ, ಓಡಾಡಿದರೆ ಹೋಗುವಂಥದ್ದು. ಆ ವ್ಯತ್ಯಾಸ ಅವನಿಗೆ ಹೊಳೆಯಲಿಲ್ಲ. ಸೀಟಿನ ನೋವು ಎಂದು ತನಗೆ ತಾನೇ ಹೆಸರಿಟ್ಟುಕೊಂಡು, ಒಂದು ಗುಳಿಗೆ ನುಂಗಿ ಬಸ್ಸು ಹತ್ತುತ್ತಿದ್ದ.

ಕರೋನ ಮುಗಿದ ಮರುವರ್ಷ, ಶಿವರಾತ್ರಿಯ ಹೊತ್ತಿಗೆ ಅವನ ಎಡಗಣ್ಣು ಕೆಂಪಾಯಿತು. ಕರಿಗುಡ್ಡೆಯ ಸುತ್ತ ಬಳೆ ತೊಡಿಸಿದಂತೆ ಕೆಂಪು, ಒಳಗೆಲ್ಲೋ ಆಳದಲ್ಲಿ ಹಿಂಡುವ ನೋವು, ಬೆಳಕು ನೋಡಿದರೆ ಸೂಜಿ ಚುಚ್ಚಿದ ಹಾಗೆ. ಎಲ್ಲರೂ ಮದ್ರಾಸ್ ಐ ಅಂದರು. ಮೆಡಿಕಲ್ ಶಾಪಿನವನು ಕೊಟ್ಟ ಹನಿ ಹಾಕಿಕೊಂಡ. ವಾರದೊಳಗೆ ಇಳಿಯಿತು. ಮನೆಯಲ್ಲಿ ಇನ್ನಾರಿಗೂ ಅದು ಹತ್ತಲಿಲ್ಲ ಎಂಬುದನ್ನು ಲಕ್ಷ್ಮಿದೇವಿ ಒಂದು ಸಲ ಆಡಿದ್ದಳು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಏಳು ತಿಂಗಳ ಮೇಲೆ ಬಲಗಣ್ಣಿಗೆ ಬಂತು. ಅದೇ ಹನಿ, ಮತ್ತೆ ಇಳಿಯಿತು. ಆಮೇಲೆ ಎಡಗಣ್ಣಿಗೇ ಎರಡು ಸಲ ಬಂದು ಹೋಯಿತು. ಹನಿಯ ಬಾಟಲಿ ಈಗ ಬಸ್ಸಿನಲ್ಲಿ, ದೇವರ ಪಟದ ಹಿಂದೆಯೇ ಇರತೊಡಗಿತು. ನೋವು ಕಡಿಮೆಯಾದ ದಿನವೇ ಹನಿ ನಿಲ್ಲಿಸುತ್ತಿದ್ದ, ಮತ್ತೆ ಬಂದಾಗ ಹಾಕುತ್ತಿದ್ದ.

ಅವನಿಗೆ ಮೊದಲ ಸಲ ನಿಜವಾಗಿ ಭಯವಾದದ್ದು ಕಣ್ಣಿನಿಂದಲ್ಲ, ಕುತ್ತಿಗೆಯಿಂದ. ಹರಪನಹಳ್ಳಿ ಸ್ಟ್ಯಾಂಡಿನಲ್ಲಿ ಒಂದು ಮಧ್ಯಾಹ್ನ ಬಸ್ಸು ಹಿಂದಕ್ಕೆ ತೆಗೆಯುವಾಗ ಕುತ್ತಿಗೆ ಹೊರಳಲಿಲ್ಲ. ಸೀಟಿನಲ್ಲಿ ಇಡೀ ಮೈಯನ್ನೇ ತಿರುಗಿಸಿ ಹಿಂದೆ ನೋಡಿದ. ಹಾಗೆ ತಿರುಗಿದವನು ಎದುರಿನ ಕನ್ನಡಿಯಲ್ಲಿ ತನ್ನನ್ನು ತಾನು ಕಂಡ. ಹಾಗೆ ಮೈಯೆಲ್ಲ ತಿರುಗಿಸಿ ನೋಡುತ್ತಿದ್ದ ಮನುಷ್ಯ ಅವನಿಗೆ ಗೊತ್ತಿದ್ದವನು ಒಬ್ಬನೇ. ತಾಯಿಯ ಅಣ್ಣ, ಕೋಗಳಿಯ ಚೌಡಣ್ಣ ಮಾವ.

ಚೌಡಣ್ಣ ಮಾವನಿಗೆ ಬೆನ್ನು ಬಾಗಿ ಮುಖ ನೆಲಕ್ಕೆ ಇಳಿದಿತ್ತು. ಎದುರು ಬಂದವರ ಕಾಲು ನೋಡಿ ಹೆಸರು ಹೇಳುತ್ತಿದ್ದ. ಒಂದು ಕಣ್ಣಿನ ನಡುವೆ ಸುಣ್ಣದ ಚುಕ್ಕಿ ಇಟ್ಟಷ್ಟು ಬಿಳುಪು. ಕೆಲವು ವರ್ಷಕ್ಕೆ ಇನ್ನೊಂದು ಕಣ್ಣೂ ಮಬ್ಬಾಗಿ, ಆಮೇಲೆ ಕಾಲು ನೋಡಿ ಹೆಸರು ಹೇಳುವುದೂ ನಿಂತಿತು. ಎಳೆ ವಯಸ್ಸಿನಲ್ಲಿ ಹಾವಿನ ಹುತ್ತ ಅಗೆದಿದ್ದನಂತೆ, ಆ ಪಾಪ ಬೆನ್ನಿಗೂ ಕಣ್ಣಿಗೂ ಕೂತಿತು ಎಂದು ಊರವರು ಹೇಳುತ್ತಿದ್ದರು. ರಜಕ್ಕೆ ಕೋಗಳಿಗೆ ಹೋದಾಗ ಅಂಜಿನೇಯಲು ಆ ಮಾವ ಕೂರುವ ಕಟ್ಟೆ ತಪ್ಪಿಸಿ ಬಸದಿಯ ಕಡೆಯಿಂದ ಸುತ್ತು ಹಾಕಿ ಮನೆ ಸೇರುತ್ತಿದ್ದ. ಆ ಬಿಳಿ ಕಣ್ಣು ತನ್ನ ಕಡೆ ತಿರುಗಿದರೆ ತನಗೂ ಹತ್ತಿಬಿಡುತ್ತದೆ ಎಂಬ ಅಂಜಿಕೆ.

ಕನ್ನಡಿಯಲ್ಲಿ ತನ್ನನ್ನು ಕಂಡ ಆ ದಿನದಿಂದ ಅವನು ಯಾರಿಗೂ ಏನೂ ಹೇಳದೆ ತನ್ನನ್ನು ತಾನು ಅಳೆಯತೊಡಗಿದ. ಗೋಡೆಗೆ ಹಿಮ್ಮಡಿ ಹಚ್ಚಿ ನಿಂತರೆ ತಲೆ ಗೋಡೆಗೆ ಮುಟ್ಟುತ್ತದೋ ಇಲ್ಲವೋ ನೋಡುವುದು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಅಂಗಡಿಯ ಬೋರ್ಡು ಓದುವುದು. ಬೋರ್ಡಿನ ಅಕ್ಷರಗಳ ಅಂಚು ತಿಂಗಳಿಂದ ತಿಂಗಳಿಗೆ ಕರಗುತ್ತಿತ್ತು. ಹೇಳಿದರೆ ಲೈಸೆನ್ಸು ಹೋಗುತ್ತದೆ, ಸ್ಟೀರಿಂಗು ಹೋದರೆ ತಾನು ಯಾರು ಎಂಬುದೇ ಅವನಿಗೆ ತಿಳಿಯದು. ಸುಮ್ಮನಿದ್ದ.

ಮರುವರ್ಷದ ಮಾರ್ಚ್ ತಿಂಗಳು. ಕೂಡ್ಲಿಗಿಯಿಂದ ನಾಲ್ಕು ಗಂಟೆಗೆ ಬಿಡುವ ಟ್ರಿಪ್ಪು. ಹರಪನಹಳ್ಳಿ ಕಡೆಗೆ ಹೋಗುವಾಗ ಇಳಿಹೊತ್ತಿನ ಬಿಸಿಲು ನೇರ ಗಾಜಿಗೇ ಹೊಡೆಯುತ್ತದೆ. ಬೆಳಿಗ್ಗೆಯಿಂದಲೇ ಎಡಗಣ್ಣು ಕೆಂಪಾಗಿತ್ತು, ಎರಡು ಸಲ ಹನಿ ಹಾಕಿದ್ದರೂ ಇಳಿದಿರಲಿಲ್ಲ. ಕೊಟ್ಟೂರು ದಾಟಿದ ಮೇಲೆ ಆ ಕಣ್ಣನ್ನು ತೆರೆಯುವುದೇ ಆಗಲಿಲ್ಲ. ಅದರ ನೀರಿಗೆ ಬಲಗಣ್ಣೂ ತುಂಬಿಕೊಂಡಿತು. ರಸ್ತೆ, ಹೊಲ, ಆಕಾಶ ಎಲ್ಲವೂ ಹಾಲಿನಲ್ಲಿ ಅದ್ದಿದಂತೆ ಒಂದಾದವು. ಬಸ್ಸಿನ ತುಂಬ ಜನ. ಹಿಂದೆ ಯಾರೋ ಮದುವೆಯ ಮಾತಾಡುತ್ತಿದ್ದರು. ಅವನು ಗೇರು ಇಳಿಸಿ, ರಸ್ತೆಯ ಅಂಚಿನ ಬಿಳಿ ಗೆರೆಯನ್ನಷ್ಟೇ ನಂಬಿ ಹೊಡೆಯುತ್ತಿದ್ದ.

ಆ ಬಿಳುಪಿನೊಳಗಿಂದ ಏನೋ ಅಲ್ಲಾಡಿತು. ಕುರಿಹಿಂಡು ಎಂದು ತಿಳಿಯುವಷ್ಟರಲ್ಲಿ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿದ್ದಿತ್ತು. ಬಸ್ಸು ಕಿರುಚಿಕೊಂಡು ಅಡ್ಡ ಜಾರಿ ನಿಂತಿತು. ಇಳಿದು ನೋಡಿದ. ಬಸ್ಸಿನ ಮೂತಿಗೂ ಒಬ್ಬ ಹೆಂಗಸಿಗೂ ನಡುವೆ ಒಂದು ಮೊಳ ಜಾಗವಿತ್ತು. ಅವಳು ಹೆಗಲ ಮೇಲೆ ಮರಿಯನ್ನು ಹಾಕಿಕೊಂಡು ನಿಂತಲ್ಲೇ ನಿಂತಿದ್ದಳು. ಬೈಯಲೂ ಇಲ್ಲ, ಅಳಲೂ ಇಲ್ಲ.

ಜನ ಇಳಿದು ಗದ್ದಲ ಎಬ್ಬಿಸಿದಾಗ ಬ್ರೇಕು ಹಿಡಿಯಲಿಲ್ಲ ಎಂದು ಅಂಜಿನೇಯಲು ಹೇಳಿಬಿಟ್ಟ. ಕಂಡಕ್ಟರ್ ಗಂಗಾಧರ ಅವನನ್ನು ಬಸ್ಸಿನ ಹಿಂದಕ್ಕೆ ಕರೆದುಕೊಂಡು ಹೋದ. ಒಂಬತ್ತು ವರ್ಷ ಒಂದೇ ಬುತ್ತಿಯಲ್ಲಿ ಉಂಡವರು ಅವರಿಬ್ಬರು.

"ಬ್ರೇಕ್ ಚಲೋ ಅದಾವು ಅಣ್ಣ. ಅದಕ್ಕ ಆ ಯಕ್ಕ ಉಳದ್ಯಾಳ," ಅಂದ ಗಂಗಾಧರ. "ನಿನಗ ಕಣ್ಣು ಕಾಣವಲ್ವು. ನನಗ ದೀಪಾವಳಿಗಿಂತ ಮೊದ್ಲಿಂದ ಗೊತ್ತೈತಿ."

ಅಂಜಿನೇಯಲು ಹಿಂದಿನ ಗಾಲಿಗೆ ಒರಗಿ ನೆಲದ ಮೇಲೆ ಕೂತ. ಅಷ್ಟು ಹೊತ್ತು ಬಿಗಿಹಿಡಿದದ್ದೆಲ್ಲ ಒಮ್ಮೆಲೇ ಬಿಟ್ಟಿತು.

"ನಾ ಇನ್ನ ಒಂದು ಮಾರು ಮುಂದಕ್ಕ ಹೊಡಿಯಾಂಗಿಲ್ಲ ಗಂಗಾ," ಅಂದ. "ಧಣ್ಯಾರಿಗೆ ಫೋನ್ ಮಾಡು. ಬ್ಯಾರೆ ಡ್ರೈವರ್ ಬರ್ಲಿ."

ಬೇರೆ ಡ್ರೈವರ್ ಬರುವವರೆಗೆ ಒಂದೂವರೆ ತಾಸು ಬಸ್ಸು ಅಲ್ಲೇ ನಿಂತಿತು. ಅಂಜಿನೇಯಲು ಬೀಗದ ಕೈ ಗಂಗಾಧರನ ಕೈಗಿಟ್ಟು, ತಲೆಯ ಮೇಲೆ ಟವೆಲ್ ಹಾಕಿಕೊಂಡು ಜಾಲಿಮರದ ನೆರಳಲ್ಲಿ ಕೂತಿದ್ದ. ಆ ಹೆಂಗಸು ಕುರಿ ಹೊಡೆದುಕೊಂಡು ಹೋಗುವ ಮೊದಲು ಅವನ ಹತ್ತಿರ ಬಂದು, ನೀರು ಬೇಕೇನು ಎಂದು ಕೇಳಿದಳು. ಅವನಿಂದ ಮುಖ ಎತ್ತಲಾಗಲಿಲ್ಲ.

ಮನೆಗೆ ಬಂದು ಲಕ್ಷ್ಮಿದೇವಿಗೆ ಎಲ್ಲವನ್ನೂ ಹೇಳಿದ, ಚೌಡಣ್ಣ ಮಾವನ ವಿಷಯ ಒಂದನ್ನು ಬಿಟ್ಟು. ಅವಳು ಅಂಗನವಾಡಿಯ ಟೀಚರಿಗೆ ರಜೆ ಹೇಳಿ, ಮಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಮರುದಿನ ಮೊದಲ ಬಸ್ಸಿಗೇ ಅವನನ್ನು ಹೊಸಪೇಟೆಗೆ ಹೊರಡಿಸಿದಳು.

ಕಣ್ಣಿನ ಡಾಕ್ಟರ್ ಪುಷ್ಪಲತಾ ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಗದ್ದ ಊರಿ ಕೂರುವ ಯಂತ್ರದ ಮುಂದೆ ಅವನನ್ನು ಕೂರಿಸಿ, ಬೆಳಕಿನ ಗೆರೆಯೊಂದನ್ನು ಕಣ್ಣಿನ ಮೇಲೆ ಎಳೆದು ಬಹಳ ಹೊತ್ತು ನೋಡಿದರು. ಕಣ್ಣಿಗೆ ಪಿಚ್ಚು ಕಟ್ಟುತ್ತಿತ್ತೇ ಎಂದು ಕೇಳಿದರು. ಇಲ್ಲ ಅಂದ. ಒಂದೊಂದು ಸಲಕ್ಕೆ ಒಂದೊಂದೇ ಕಣ್ಣಿಗೆ ಬರುತ್ತಿತ್ತೇ? ಹೌದು. ಆಮೇಲೆ ಅವನು ಎಣಿಸದ ಒಂದು ಪ್ರಶ್ನೆ ಬಂತು. ಬೆಳಿಗ್ಗೆ ಏಳುವಾಗ ಬೆನ್ನು ಬಿಗಿಯಾಗಿರುತ್ತದೆಯೇ ಎಂದರು.

"ಬೆನ್ನು ಬಿಡ್ರಿ ಮೇಡಂ, ಅದು ಸೀಟಿನ ನೋವು," ಅಂದ ಅಂಜಿನೇಯಲು. "ಕಣ್ಣು ನೋಡ್ರಿ."

"ಕಣ್ಣು ನೋಡೇ ಬೆನ್ನು ಕೇಳ್ತಿದ್ದೀನಿ."

ಅವನು ಉತ್ತರಿಸುವ ಮೊದಲೇ ಬಾಗಿಲ ಬಳಿ ನಿಂತಿದ್ದ ಲಕ್ಷ್ಮಿದೇವಿ ಮಾತಾಡಿದಳು. "ಬಿಗಿ ಇರ್ತತ್ರಿ. ಆರು ವರ್ಷ ಆತು. ಗ್ವಾಡಿ ಹಿಡಕಂಡು ಏಳ್ತಾರ. ನಾ ನಿದ್ದಿ ಬಂದೋಳಂಗ ಮಕ್ಕಂಡು ನೋಡ್ತಿರ್ತೀನಿ."

ಅಂಜಿನೇಯಲು ಹೆಂಡತಿಯ ಕಡೆ ತಿರುಗಿದ. ಮತ್ತೆ ಇಡೀ ಮೈಯೇ ತಿರುಗಿತು. ಡಾಕ್ಟರು ಅದನ್ನೂ ಗಮನಿಸಿದರು. ಮನೆತನದಲ್ಲಿ ಇನ್ನಾರಿಗಾದರೂ ಬೆನ್ನು ಬಾಗಿದ್ದುಂಟೇ ಎಂದು ಕೇಳಿದರು. ಅವನು ನೆಲ ನೋಡುತ್ತಲೇ ಕೋಗಳಿಯ ಮಾವನ ಬಗ್ಗೆ ಹೇಳಿದ. ಬಾಗಿದ ಬೆನ್ನು, ಸುಣ್ಣದ ಚುಕ್ಕಿಯಂಥ ಕಣ್ಣು, ಹುತ್ತದ ಪಾಪ, ಎಲ್ಲವನ್ನೂ ಹೇಳಿದ. ಹೇಳುತ್ತಿದ್ದಂತೆ ಅವನ ಧ್ವನಿ ಮಗುವಿನ ಧ್ವನಿಯಷ್ಟು ಸಣ್ಣದಾಯಿತು.

ಡಾಕ್ಟರು ಯಂತ್ರವನ್ನು ಪಕ್ಕಕ್ಕೆ ಸರಿಸಿ ತಿಳಿಸಿ ಹೇಳಿದರು. ಹೊರಗಿನಿಂದ ಬರುವ ರೋಗದ ವಿರುದ್ಧ ಹೊಡೆದಾಡಲು ಮೈಯಲ್ಲೇ ಒಂದು ಕಾವಲು ಇರುತ್ತದೆ. ಕೆಲವರಲ್ಲಿ ಆ ಕಾವಲೇ ಗುರುತು ತಪ್ಪಿ ತನ್ನ ಮೈಯ ಮೇಲೆ ಬೀಳುತ್ತದೆ. ಇವನಲ್ಲಿ ಅದು ಬೆನ್ನುಮೂಳೆಯ ಕೀಲುಗಳ ಮೇಲೂ ಕಣ್ಣಿನ ಒಳಪದರದ ಮೇಲೂ ಬಿದ್ದಿರುವ ಹಾಗೆ ಕಾಣುತ್ತದೆ. ಬೆನ್ನು ಬೇರೆ ರೋಗ, ಕಣ್ಣು ಬೇರೆ ರೋಗ ಅಲ್ಲ, ಬೇರು ಒಂದೇ. ಇದು ಮದ್ರಾಸ್ ಐ ಅಲ್ಲವೇ ಅಲ್ಲ. ಒಳಗೆ ಉರಿಯೂತವಾಗಿದೆ. ಅರ್ಧಂಬರ್ಧ ಹನಿ ಹಾಕಿ ನಿಲ್ಲಿಸಿದ್ದರಿಂದ ಅದು ಪ್ರತಿ ಸಲವೂ ಗುರುತು ಬಿಟ್ಟು ಹೋಗಿದೆ. ತೆಗೆದ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಕಣ್ಣಿನ ನಡುವಿನ ಕಪ್ಪು ಪಾಪೆ ದುಂಡಗಿರಬೇಕಾದದ್ದು, ಹಿಂದಿನ ಮಸೂರಕ್ಕೆ ಅಲ್ಲಲ್ಲಿ ಅಂಟಿ, ಇಲಿ ಕಡಿದ ರೊಟ್ಟಿಯ ಹಾಗಿತ್ತು. ಯಾರನ್ನೂ ಕೇಳದೆ ಹಾಕಿಕೊಂಡ ಹನಿಯಿಂದ ಕಣ್ಣಿನೊಳಗಿನ ಒತ್ತಡವೂ ಏರಿತ್ತು, ಪೊರೆಯೂ ಶುರುವಾಗಿತ್ತು.

"ನಮ್ಮ ಮಾವನಂಗ ಆಗ್ತೀನೇನ್ರಿ?" ಎಂದು ಕೇಳಿದ.

"ಅವರನ್ನ ನೋಡದೆ ನಾನು ಏನೂ ಹೇಳೋಕಾಗಲ್ಲ. ಅವರಿಗೂ ಇದೇ ಇದ್ದಿರಬಹುದು. ಅವರಿಗೆ ಯಾರೂ ಔಷಧಿ ಕೊಡಲಿಲ್ಲ, ಅಷ್ಟು ಮಾತ್ರ ಗೊತ್ತು. ನೀವು ಬಂದಿದ್ದೀರಿ. ತಡವಾಗಿ ಬಂದಿದ್ದೀರಿ."

ತಡವಾಗಿ ಎಂಬ ಆ ಮಾತು ಹೊಸಪೇಟೆಯಿಂದ ಕೂಡ್ಲಿಗಿಯವರೆಗೆ ಅವನ ಜೊತೆ ಬಂತು.

ಮುಂದಿನ ಆರು ವಾರ ಅವನು ಮನೆಯೊಳಗೇ ಇದ್ದ. ಎಡಗಣ್ಣಿಗೆ ಹಗಲಲ್ಲಿ ತಾಸಿಗೊಮ್ಮೆ ಒಂದು ಹನಿ, ಪಾಪೆ ಹಿಗ್ಗಿಸಲು ದಿನಕ್ಕೆ ಎರಡು ಸಲ ಇನ್ನೊಂದು ಹನಿ, ಒತ್ತಡಕ್ಕೆ ಮತ್ತೊಂದು. ಹಿಗ್ಗಿದ ಕಣ್ಣಿಗೆ ದೀಪದ ಬೆಳಕೂ ತಡೆಯಲಾರದಷ್ಟಾಗಿತ್ತು. ಲಕ್ಷ್ಮಿದೇವಿ ಕಿಟಕಿಗೆ ಕಂಬಳಿ ಕಟ್ಟಿದಳು. ಆ ಕತ್ತಲೆಯಲ್ಲಿ ಕರಿ ಕನ್ನಡಕ ಹಾಕಿಕೊಂಡು ಕೂತವನಿಗೆ ಬೆಳಿಗ್ಗೆ ಆರೂವರೆಗೆ ತನ್ನ ಬಸ್ಸು ಬೇರೊಬ್ಬನ ಕೈಯಲ್ಲಿ ಗೇರು ಬದಲಿಸುವುದು ಕೇಳಿಸುತ್ತಿತ್ತು. ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬಲಗಣ್ಣು ಮುಚ್ಚಿ ತಾರೀಖು ಹುಡುಕುತ್ತಿದ್ದ. ಕೆಂಪು ತಾರೀಖು, ಕಪ್ಪು ತಾರೀಖು ಎಂಬುದಷ್ಟು ತಿಳಿಯುವುದು. ಯಾವ ತಾರೀಖು ಎಂಬುದು ತಿಳಿಯದು.

ಒಂದು ಮಧ್ಯಾಹ್ನ ಲಕ್ಷ್ಮಿದೇವಿ ಅಂಗನವಾಡಿಯಿಂದ ಬೇಗ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಗಂಡ ಎರಡೂ ಕಣ್ಣು ಮುಚ್ಚಿಕೊಂಡು, ಕೈ ಮುಂದೆ ಚಾಚಿ, ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ನೀರಿನ ಗಡಿಗೆಗೆ ಹೆಜ್ಜೆ ಎಣಿಸಿ ನಡೆಯುತ್ತಿದ್ದ. ಮಂಚದಿಂದ ಗಡಿಗೆಗೆ ಹನ್ನೊಂದು ಹೆಜ್ಜೆ ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ. ಅವಳು ಚಾಚಿದ ಆ ಕೈಯನ್ನು ಹಿಡಿದು ಮಂಚದ ಮೇಲೆ ಕೂರಿಸಿದಳು. ತಾನೂ ಪಕ್ಕಕ್ಕೆ ಕೂತಳು. ಎಷ್ಟು ದಿನದಿಂದ ಎಂದು ಕೇಳಿದಳು. ನಾಲ್ಕು ದಿನ ಅಂದ. ಇಬ್ಬರೂ ಅಳಲಿಲ್ಲ. ಹನಿ ಹಾಕುವ ಹೊತ್ತಾಗಿತ್ತು, ಹಾಕಿದಳು.

ಸುದ್ದಿ ತಿಳಿದು ತಾಯಿ ಗಾಳೆಮ್ಮ ಕಿರಿಯ ಮಗನ ಮನೆಯಿಂದ ಬಂದಳು. ಬಂದ ಎರಡು ದಿನ ಮಗನ ಮುಖವನ್ನು ನೇರವಾಗಿ ನೋಡಲೇ ಇಲ್ಲ. ಮೂರನೆಯ ದಿನ ಬಾಯಿ ಬಿಟ್ಟಳು. ಅಣ್ಣ ಚೌಡಣ್ಣನಿಗೂ ಮೂವತ್ತರ ಹೊತ್ತಿಗೆ ಕಣ್ಣು ಹೀಗೇ ಕೆಂಪಾಗಿ ಕೆಂಪಾಗಿ ಹೋಗುತ್ತಿತ್ತಂತೆ. ತಾವು ಸೊಪ್ಪಿನ ರಸ ಹಿಂಡಿದರಂತೆ, ಹುತ್ತಕ್ಕೆ ಹಾಲೆರೆದರಂತೆ, ಹರಕೆ ಹೊತ್ತರಂತೆ. ಅವನು ಬೆಳಿಗ್ಗೆ ಮೈ ಹಿಡಿಯುತ್ತದೆ ಎಂದರೆ ಸೋಮಾರಿ ಎಂದು ಅಪ್ಪನೇ ಹೊಡೆದಿದ್ದನಂತೆ.

"ನಿನ್ನ ಮಾವ ಯಾವ ಪಾಪಾನೂ ಮಾಡಿದ್ದಿಲ್ಲಪ್ಪ," ಅಂದಳು ಗಾಳೆಮ್ಮ. "ಊರವ್ರು ಅಂದ್ರು, ನಾವು ನಂಬಿದ್ವಿ. ಅವನೂ ನಂಬಿಕಂಡೇ ಸತ್ತ."

ಅಂಜಿನೇಯಲುವಿಗೆ ಸುತ್ತು ಹಾಕಿ ಹೋಗುತ್ತಿದ್ದ ಆ ದಾರಿ ನೆನಪಾಯಿತು. ಕಟ್ಟೆಯ ಮೇಲೆ ಕೂತ ಮಾವ, ದೂರದಲ್ಲಿ ಹೋಗುವ ಹೆಜ್ಜೆಯ ಸಪ್ಪಳ ಕೇಳಿ, ಯಾರದು ಎಂದು ಕರೆಯುತ್ತಿದ್ದ. ಇವನು ಉತ್ತರಿಸದೆ ಓಡುತ್ತಿದ್ದ. ಭಯದ ಜೊತೆಗೆ ಅವತ್ತು ನಾಚಿಕೆಯೂ ಬಂದು ಸೇರಿತು.

ಪುಷ್ಪಲತಾ ಚೀಟಿ ಬರೆದು ಕೊಟ್ಟಿದ್ದ ಕೀಲುರೋಗದ ಡಾಕ್ಟರು ದಾವಣಗೆರೆಯಲ್ಲಿದ್ದರು. ರಕ್ತ, ಎಕ್ಸ್‌ರೇ, ಎದೆಯ ಪರೀಕ್ಷೆ ಎಲ್ಲ ಆದ ಮೇಲೆ ಅವರೂ ಅದನ್ನೇ ಹೇಳಿದರು. ರೋಗದ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಅಂಜಿನೇಯಲುವಿನ ನಾಲಗೆಗೆ ಅದು ಇವತ್ತಿಗೂ ಪೂರ್ತಿ ಹತ್ತಿಲ್ಲ. ಕೂಡಿಕೊಂಡ ಕೀಲು ಬಿಡಿಸಲಾಗದು, ಕೂಡದೆ ಉಳಿದದ್ದನ್ನು ಕಾಪಾಡಬಹುದು ಅಂದರು. ಗುಳಿಗೆ, ಹದಿನೈದು ದಿನಕ್ಕೊಂದು ಚುಚ್ಚುಮದ್ದು, ದಿನಾ ತಪ್ಪದೆ ಬೆನ್ನಿನ ವ್ಯಾಯಾಮ. ಹೊರಡುವಾಗ ಅಂಜಿನೇಯಲು ಬಾಗಿಲವರೆಗೆ ಹೋದವನು ತಿರುಗಿ ಬಂದು ಮಗಳ ಬಗ್ಗೆ ಕೇಳಿದ. ಮಕ್ಕಳಿಗೆ ಬಂದೇ ಬರುತ್ತದೆ ಎಂದೇನೂ ಇಲ್ಲ, ಹೆಚ್ಚಿನವರಿಗೆ ಬರುವುದೇ ಇಲ್ಲ, ಬೆನ್ನು ಹಿಡಿದರೆ ಕಣ್ಣು ಕೆಂಪಾದರೆ ಸುಮ್ಮನಿರಬೇಡಿ ಅಂದರು ಡಾಕ್ಟರು. ಅವನಿಗೆ ಕಡೆಯ ಮಾತಷ್ಟೇ ಕೇಳಿಸಿತು. ಅವತ್ತಿನಿಂದ ಸ್ಕೂಲಿಗೆ ಹೊರಟ ಮಗಳನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ಎರಡೂ ಕಣ್ಣಿನ ರೆಪ್ಪೆ ಎತ್ತಿ ನೋಡಿ ಕಳಿಸುತ್ತಾನೆ. ಅವಳಿಗೆ ಬೇಸರವಾದರೂ ಸುಮ್ಮನೆ ನಿಲ್ಲುತ್ತಾಳೆ.

ಆರು ವಾರಕ್ಕೆ ಕೆಂಪು ಇಳಿಯಿತು, ಒತ್ತಡವೂ ಇಳಿಯಿತು. ಬೆನ್ನು ಮೂರನೆಯ ತಿಂಗಳಿಗೆ ಸಡಿಲಾಯಿತು. ಗೋಡೆ ಹಿಡಿಯದೆ ಎದ್ದ ಬೆಳಿಗ್ಗೆ ಲಕ್ಷ್ಮಿದೇವಿಯನ್ನು ಎಬ್ಬಿಸಿ ತೋರಿಸಿದ. ಎಡಗಣ್ಣಿನ ಮಬ್ಬು ಮಾತ್ರ ಉಳಿಯಿತು. ಕಣ್ಣು ಕನಿಷ್ಠ ಮೂರು ತಿಂಗಳು ಪೂರ್ತಿ ತಣ್ಣಗಿದ್ದರೆ ಪೊರೆ ತೆಗೆಯಬಹುದು, ಅದಕ್ಕೂ ಮೊದಲು ಮುಟ್ಟಿದರೆ ಕೆಡುತ್ತದೆ ಎಂದರು ಪುಷ್ಪಲತಾ. ಈ ಕಣ್ಣಿನಲ್ಲಿ ಜನ ತುಂಬಿದ ಬಸ್ಸು ಓಡಿಸಬಾರದು ಎಂದು ಅವರು ಹೇಳುವ ಮೊದಲೇ ಅಂಜಿನೇಯಲು ವೀರಭದ್ರಯ್ಯನವರಿಗೆ ತಾನಾಗಿ ಹೇಳಿ ಬಂದಿದ್ದ. ಅವರು ಅವನನ್ನು ಕೊಟ್ಟೂರು ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೊತ್ತು ನೋಡಿ ಬಿಡುವ ಕೆಲಸಕ್ಕೆ ಹಾಕಿದರು.

ಪೊರೆ ತೆಗೆಸಲು ಕಾಯುತ್ತಿದ್ದ ಹತ್ತನೆಯ ವಾರ ಒಂದು ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಬಲಗಣ್ಣಿನ ಆಳದಲ್ಲಿ ಆ ಗುರುತಿನ ನೋವು ಎದ್ದಿತು. ಉಳಿದಿದ್ದ ಒಳ್ಳೆಯ ಕಣ್ಣು ಅದು. ಲೋಟ ಕೆಳಗಿಟ್ಟ. ಟವೆಲ್ಲಿನಿಂದ ಕಣ್ಣು ಮುಚ್ಚಿಕೊಂಡು ಚಹಾದ ಅಂಗಡಿಯವನಿಂದಲೇ ಮನೆಗೆ ಫೋನು ಮಾಡಿಸಿದ. ಹೊಸಪೇಟೆಯ ಬಸ್ಸು ಅಷ್ಟು ನಿಧಾನವಾಗಿ ಓಡಿದ್ದು ಅವನ ಜನ್ಮದಲ್ಲೇ ಇರಲಿಲ್ಲ. ದಾರಿಯುದ್ದಕ್ಕೂ ಟವೆಲ್ಲಿನ ಸಂದಿಯಿಂದ ಮೈಲುಗಲ್ಲಿನ ಅಂಕಿ ಓದುತ್ತ ಹೋದ. ಓದಲು ಬಂದರೆ ಉಸಿರು, ಬರದಿದ್ದರೆ ಮುಂದಿನ ಕಲ್ಲಿಗೆ ಕಾಯುವುದು. ಆಸ್ಪತ್ರೆಯಲ್ಲಿ ಮತ್ತೆ ಆ ಯಂತ್ರದ ಮುಂದೆ ಗದ್ದ ಊರಿ ಕೂತ.

ಬಂದಿದೆ, ಆದರೆ ಈಗಷ್ಟೇ ಬಂದಿದೆ ಎಂದರು ಪುಷ್ಪಲತಾ. ಪಾಪೆ ಎಲ್ಲೂ ಅಂಟಿರಲಿಲ್ಲ. ತಾಸಿಗೊಮ್ಮೆ ಹನಿ, ಮತ್ತೆ ಕಿಟಕಿಗೆ ಕಂಬಳಿ. ಹನ್ನೆರಡು ದಿನಕ್ಕೆ ಆ ಕಣ್ಣು ಗುರುತೂ ಉಳಿಯದಂತೆ ತಿಳಿಯಾಯಿತು. ಹನಿಯನ್ನು ಮಾತ್ರ ಅವರು ಹೇಳಿದಂತೆ ಮೆಲ್ಲಗೆ ಇಳಿಸಿ ಇಳಿಸಿ ಒಂದೂವರೆ ತಿಂಗಳಿಗೆ ನಿಲ್ಲಿಸಿದ.

ಎಡಗಣ್ಣಿನ ಆಪರೇಷನ್ ದೀಪಾವಳಿ ಕಳೆದ ಮೇಲೆ ಆಯಿತು. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಬೆರಳು ಹಿಡಿದರು, ಮೂರು ಎಂದು ಹೇಳಿದ. ಅಕ್ಷರದ ಹಲಗೆಯಲ್ಲಿ ಐದನೆಯ ಸಾಲಿನವರೆಗೆ ಇಳಿದು ಅಲ್ಲಿ ನಿಂತ. ಅಷ್ಟೇ ಬರುವುದು, ಅದಕ್ಕಿಂತ ಹೆಚ್ಚು ಆಸೆ ಬೇಡ ಎಂದರು. ಲಕ್ಷ್ಮಿದೇವಿ ಪಕ್ಕದಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದಳು.

"ಮತ್ತ ಯಾವಾಗ ಬರ್ತತ್ರಿ ಇದು?" ಎಂದು ಕೇಳಿದ ಅಂಜಿನೇಯಲು.

"ಗೊತ್ತಿಲ್ಲ. ಚುಚ್ಚುಮದ್ದು ಬಿಡದೆ ತಗೊಂಡ್ರೆ ಅಪರೂಪಕ್ಕೆ ಬರುತ್ತೆ. ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಬಂದ ದಿನವೇ ಬನ್ನಿ, ಮರುದಿನ ಅಲ್ಲ."

ಅವನು ತಲೆಯಾಡಿಸಿದ. ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯಿತು. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಇದು ಬರೀ ಬಿಸಿಲು ಹೌದಲ್ಲ ಎಂದು ಹೆಂಡತಿಯನ್ನು ಕೇಳಿದ. ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿಸಿ, ಕಣ್ಣೊಳಗೆ ಚೆನ್ನಾಗಿ ನೋಡಿದ ಮೇಲೆಯೇ ಹೌದು ಎಂದಳು.